ಇಂಜಿನಿಯರ್ ಸಾಹೇಬರ ಬಲ್ಬು

ನಮ್ಮ ಚಿಕ್ಕಪ್ಪ ವಿರೂಪಾಕ್ಷಿಪುರ ಹೋಬಳಿಗೆಲ್ಲ ಬೆಳಕು ಕೊಟ್ಟವರು. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ, ದಿನಕ್ಕೆರಡು ಸಲ! ಮೂವತ್ತು ವರ್ಷ ಲೈನ್‌ಮ್ಯಾನ್ ಆಗಿದ್ದರು. ಆ ಕಡೆ ಅವರು ಹತ್ತದ ಕಂಬವಿಲ್ಲ, ಅವರನ್ನು ಬೈಯದ ರೈತನಿಲ್ಲ. ಅಂಥ ಮನುಷ್ಯನಿಗೆ ನಿವೃತ್ತಿಯಾದ ಮೇಲೆ ಒಂದು ಆಮೆಯ ತಲೆ ಮೇಲೆ ಒಂದೇ ಒಂದು ಬಲ್ಬನ್ನು ಎಂಟು ದಿನ ಉರಿಸಲು ಆಗುವುದಿಲ್ಲ ಎಂದರೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ.

ಆಮೆ ಅವರದ್ದೂ ಅಲ್ಲ. ಚನ್ನಪಟ್ಟಣದ ಅವರ ಮನೆಯ ಒಂದು ಭಾಗದಲ್ಲಿ ಬಾಡಿಗೆಗಿದ್ದವರು ಖಾಲಿ ಮಾಡುವಾಗ ಫ್ಯಾನು, ಗಡಿಯಾರ, ಗೋಡೆಯ ಮೊಳೆಗಳನ್ನೂ ಬಿಡದೆ ಕಿತ್ತುಕೊಂಡು ಹೋದರು. ನೀಲಿ ಟಬ್ಬಿನಲ್ಲಿದ್ದ ಆಮೆಯನ್ನು ಮಾತ್ರ ಮರೆತರು! ಕಿವಿಯ ಹತ್ತಿರ ಕೆಂಪು ಗೆರೆಯಿರುವ ವಿದೇಶದ ಆಮೆ. ಫೋನ್ ಮಾಡಿದರೆ, "ನೀವೇ ಇಟ್ಕೊಳ್ಳಿ ಅಂಕಲ್, ಮನೆಗೆ ಒಳ್ಳೇದಾಗುತ್ತೆ" ಅಂದರಂತೆ. ಅಷ್ಟು ಒಳ್ಳೆಯದಾಗುವುದಿದ್ದರೆ ಅವರೇಕೆ ಬಿಟ್ಟುಹೋದರು? ಮದುವೆಯಾಗದೆ ಅರವತ್ತೈದು ದಾಟಿದ ನಮ್ಮ ಚಿಕ್ಕಪ್ಪನಿಗೆ ಈ ಪ್ರಶ್ನೆ ಹೊಳೆಯಲಿಲ್ಲ. ಕರೆದರೆ ಬರುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಊಟದ ಹೊತ್ತಿಗೆ ಮಾತ್ರ ಕತ್ತು ಹೊರಗೆ ಹಾಕುತ್ತದೆ ಎಂಬ ಕಾರಣಕ್ಕೆ ಅದಕ್ಕೆ 'ಇಂಜಿನಿಯರ್ ಸಾಹೇಬ್ರು' ಎಂದು ಹೆಸರಿಟ್ಟರು.

ಹಸು ಎಮ್ಮೆ ನೋಡುವ ಡಾಕ್ಟರು ಟಬ್ಬಿನೊಳಗೆ ಬಗ್ಗಿ ನೋಡಿ, "ಇದು ಮೈ ಕಾಯಿಸಿಕೊಳ್ಳೋಕೆ ಮೇಲೊಂದು ಕಾವಿನ ಬಲ್ಬ್ ಹಾಕಿ, ಹಗಲೆಲ್ಲ ಉರೀಲಿ. ಥಂಡಿ ಹಿಡಿದ್ರೆ ತಿನ್ನೋದು ಬಿಡುತ್ತೆ. ಆಮೇಲೆ ಉಳಿಯೋದು ಕಷ್ಟ" ಎಂದರು. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು. ಆ ಬಲ್ಬು ಸಿಗುವುದು ನಾನಿರುವ ರಾಮನಗರದಲ್ಲಿ, ಬಣ್ಣದ ಮೀನು ಮಾರುವ ಒಂದೇ ಒಂದು ಅಂಗಡಿಯಲ್ಲಿ. ಪ್ರತಿ ಭಾನುವಾರ ಚಿಕ್ಕಪ್ಪನ ಮನೆಯಲ್ಲಿ ಊಟ ಮಾಡುವುದು ನನ್ನ ಹಳೆಯ ಪದ್ಧತಿ. ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಫೋನು ಬರುವುದು ಹೊಸ ಪದ್ಧತಿ.

"ಬಲ್ಬು ಹೋಯ್ತು ಕಣ್ಲಾ."

ಸಂಜೆ ಕೆಲಸ ಮುಗಿಸಿ, ಅಂಗಡಿಗೆ ಓಡಿ, ರೈಲು ಹಿಡಿದು ಹೊಸ ಬಲ್ಬು ಮುಟ್ಟಿಸಬೇಕು. ಅದು ಭಾನುವಾರದವರೆಗೆ ನೆಟ್ಟಗೆ ಉರಿಯುತ್ತದೆ. ಸೋಮವಾರ ಮತ್ತೆ ಫೋನು! ನಾಲ್ಕನೆಯ ಸಲ ಅಂಗಡಿಯವನು ನನ್ನನ್ನು ಮರುಕದಿಂದ ನೋಡಿ, "ಆಮೆಗೆ ಬಲ್ಬ್ ತೋರಿಸಿ ಸಾರ್, ತಿನ್ನಿಸಬೇಡಿ" ಎಂದ.

ನಾನು ಸುಮ್ಮನಿರುವವನಲ್ಲ, ತನಿಖೆಗೆ ಇಳಿದೆ. ಸುತ್ತಲಿನ ಪಂಪ್‌ಸೆಟ್ಟುಗಳು ಒಟ್ಟಿಗೆ ನಿಂತಾಗ ಓಲ್ಟೇಜ್ ಏರಿ ಬಲ್ಬು ಹೋಗುತ್ತದೆ ಎಂದು ಯಾರೋ ಹೇಳಿದರು. ಸ್ಟೆಬಿಲೈಸರ್ ತಂದೆ. ಬಲ್ಬು ಹೋಯಿತು. ಪ್ಲಾಸ್ಟಿಕ್ ಹೋಲ್ಡರ್ ಕಾವಿಗೆ ಸಡಿಲವಾಗುತ್ತದೆಂದು ಪಿಂಗಾಣಿ ಹೋಲ್ಡರ್ ಹಾಕಿಸಿದೆ. ಹೋಯಿತು. ಸಾಹೇಬರು ಈಜುವಾಗ ನೀರು ಸಿಡಿಯುತ್ತದೆಂದು ಒಂದು ಗೇಣು ಮೇಲಕ್ಕೆ ತೂಗುಹಾಕಿದೆವು. ಅದೂ ಹೋಯಿತು. ಆಮೇಲೆ ಕಣ್ಣಿಗೆ ಬಿತ್ತು ನೋಡಿ, ಬಲ್ಬಿನ ಹೊಟ್ಟೆಯ ಮೇಲೆ ಅರಿಶಿನ ಕುಂಕುಮ!

"ಏನಿದು ಚಿಕ್ಕಪ್ಪ?"

"ಹೊಸ ಸಾಮಾನಲ್ವೇನ್ಲಾ? ಹೊಸ ಟ್ರಾನ್ಸ್‌ಫಾರ್ಮರಿಗೇ ಇಕ್ಕಿವ್ನಿ, ಇದ್ಯಾವ ಲೆಕ್ಕ?"

"ಆ ಟ್ರಾನ್ಸ್‌ಫಾರ್ಮರ್ ಏನಾಯ್ತು?"

"ಸುಟ್ಟೋಯ್ತು. ಅದು ಬ್ಯಾರೆ ವಿಚಾರ ಬುಡು."

ಗಾಜಿಗೆ ಏನಾದರೂ ಮೆತ್ತಿದರೆ ಆ ಜಾಗವೇ ಹೆಚ್ಚು ಕಾಯುತ್ತದೆ ಎಂದು ಕೂಗಾಡಿ ಒರೆಸಿ ಹಾಕಿದೆ. ಮರುವಾರ ಕುಂಕುಮ ಸ್ವಿಚ್ಚಿನ ಮೇಲಿತ್ತು. ಬಲ್ಬು ಹೋಗಿತ್ತು. ಜಗಲಿಯಲ್ಲಿ ಪ್ಲಗ್ಗು ಟಬ್ಬಿನ ಪಕ್ಕದಲ್ಲೇ ಇದ್ದರೂ ದೀಪಕ್ಕೆ ನಾಲ್ಕು ಮಾರು ಉದ್ದದ ವೈರು ಸುತ್ತಿಟ್ಟಿದ್ದರು. ಇದೇನು, ಆಮೆಯನ್ನು ಊರು ಸುತ್ತಿಸುತ್ತೀರಾ ಎಂದು ಕೇಳಿದರೆ, "ಇರ್ಲಿ ಬುಡ್ಲಾ, ಬೇಕಾಯ್ತದೆ" ಎಂದರು. ಉರಿಯುವ ದೀಪ ವಾಲಿದೆಯೆಂದು ಸರಿಮಾಡಲು ಕೈ ಚಾಚಿದ್ದಕ್ಕೆ ನನ್ನ ಮೇಲೇ ಹಾರಿಬಿದ್ದರು.

"ಲೇ, ಮುಟ್ಬ್ಯಾಡ! ಒಳ್ಗಿನ ತಂತಿ ಕಾದು ಮೆತ್ತಗಾಗಿರ್ತದೆ. ಉರಿಯೋ ಬಲ್ಬ ಅಲ್ಲಾಡ್ಸುದ್ರೆ ನಾಳೀಕೇ ಗೊಟಕ್ ಅಂತದೆ. ಅಷ್ಟೂ ಗೊತ್ತಿಲ್ವಾ?"

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೋಗುತ್ತದೆ ಎಂದು ಕೇಳಿದರೆ, ಒಂದು ಗಳಿಗೆ ಯೋಚಿಸಿದವರಂತೆ ಮಾಡಿ, "ನೀನು ಬಂದ ಮಾರ್ನೇ ದಿವ್ಸವೇ ಹೋಯ್ತದಲ್ಲ, ನಿನ್ನ ಕಾಲ್ಗುಣ ಕಣ್ಲಾ" ಎಂದುಬಿಟ್ಟರು! ಬಲ್ಬು ತರುವವನೂ ನಾನೇ, ಕಾಲ್ಗುಣವೂ ನನ್ನದೇ!

ಅವರ ವೈದ್ಯವೂ ಇಂಥದ್ದೇ. ಆರು ತಿಂಗಳಿಂದ ನನ್ನ ಎಡ ರಟ್ಟೆ ಹಿಡಿದುಕೊಂಡಿದೆ. ಶರ್ಟಿನ ತೋಳಿಗೆ ಕೈ ತೂರಿಸುವಾಗ ಪ್ರಾಣ ಹೋಗುತ್ತದೆ. ಒಂದು ಭಾನುವಾರ ಬಿಸಿ ಉಪ್ಪಿನ ಗಂಟು ಹಿಡಿದುಕೊಂಡು ಬಂದರು. "ಒಸಿ ಶಾಖ ಕೊಡ್ತೀನಿ, ಕುಂತ್ಕೊ" ಎಂದರು. ನನಗೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟಿದ್ದಾರೆ, ನಿಮ್ಮ ಗಂಟು ನೀವೇ ಇಟ್ಟುಕೊಳ್ಳಿ ಎಂದು ಗದರಿ ಕಳಿಸಿದೆ. ವ್ಯಾಯಾಮವನ್ನು ನಾನು ಅಪರೂಪಕ್ಕೆ ಮಾಡುತ್ತಿದ್ದೆ. ಆದರೂ ಕೈ ವಾರದಿಂದ ವಾರಕ್ಕೆ ಒಂದಿಷ್ಟು ಹೆಚ್ಚು ಏಳುತ್ತಿತ್ತು. ಡಾಕ್ಟರೆಂದರೆ ಹೀಗಿರಬೇಕು ಎಂದು ಚಿಕ್ಕಪ್ಪನ ಎದುರಿಗೇ ಹೊಗಳುತ್ತಿದ್ದೆ.

ಪುಷ್ಯ ಮಾಸ ಬಂತು. ಚಳಿ ಕಚ್ಚತೊಡಗಿದ ವಾರವೇ ಎಂದಿನಂತೆ ಸೋಮವಾರ ಬಲ್ಬು ಹೋಯಿತು, ಅಂಗಡಿಯಲ್ಲಿ ದಾಸ್ತಾನು ಮುಗಿದಿತ್ತು. ಗುರುವಾರ ಸಂಜೆ ಹೊಸದು ಹಿಡಿದು ಓಡಿದೆ. ಟಬ್ಬಿನಲ್ಲಿ ಸಾಹೇಬರು ಕೈಕಾಲು ಒಳಗೆಳೆದುಕೊಂಡು ಬಿದ್ದಿದ್ದರು, ಹಾಕಿದ ಸೊಪ್ಪು ಹಾಗೇ ತೇಲುತ್ತಿತ್ತು. ಚಿಕ್ಕಪ್ಪ ತಮ್ಮ ಉಣ್ಣೆಯ ಶಾಲನ್ನು ಟಬ್ಬಿಗೆ ಸುತ್ತಿ ಪಕ್ಕದಲ್ಲಿ ಕೂತಿದ್ದರು. ನನ್ನ ತಾಳ್ಮೆ ಕಿತ್ತುಹೋಯಿತು.

"ಆ ಜೀವ ಸಾಯ್ಸಿಬಿಡ್ತೀರಿ! ಒಂದು ಬಲ್ಬ್ ಕಾಪಾಡೋಕೆ ಆಗದವರು ಇನ್ಮೇಲೆ ಲೈನ್‌ಮ್ಯಾನ್ ಆಗಿದ್ದೆ ಅಂತ ಯಾರ ಮುಂದೆಯೂ ಹೇಳ್ಕೋಬೇಡಿ" ಎಂದೆ.

ಒಂದಕ್ಕೆ ಹತ್ತು ಆಡುವ ಮನುಷ್ಯ ಅಂದು ಬಲ್ಬನ್ನು ಒಣಬಟ್ಟೆಯಲ್ಲಿ ಹಿಡಿದು ಹಾಕಿ, ಸ್ವಿಚ್ಚು ಒತ್ತಿ, ಬಾಗಿಲವರೆಗೆ ಬಂದು ನನ್ನನ್ನು ಕಳಿಸಿಕೊಟ್ಟರು. ರೈಲಿನಲ್ಲಿ ಕೂತ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಅಷ್ಟು ಅನ್ನಬಾರದಿತ್ತು ಎನ್ನುವುದೂ ಬಿಡಲಿಲ್ಲ.

ಭಾನುವಾರ ಹೋಗುವಾಗ ಇನ್ನೊಂದು ಬಲ್ಬನ್ನೂ ಒಯ್ದು, "ಇದು ಎಕ್ಸ್‌ಟ್ರಾ, ಇಟ್ಟಿರಿ" ಎಂದು ಗೋಡೆಯ ಗೂಡಿನಲ್ಲಿಟ್ಟೆ. ಸಾಹೇಬರು ಚೇತರಿಸಿಕೊಂಡು ಸೊಪ್ಪು ಜಗಿಯುತ್ತಿದ್ದರು. ಮುದ್ದೆ, ಉಪ್ಸಾರು ಉಂಡು ಎಂದಿನಂತೆ ನಡುಮನೆಯಲ್ಲಿ ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿದೆ. ಎಷ್ಟು ಹೊತ್ತಾಯಿತೋ, ಎಡ ರಟ್ಟೆಯ ಮೇಲೆ ಹಿತವಾದ ಬಿಸಿ. ಅರೆಗಣ್ಣು ತೆರೆದೆ. ಜಗಲಿಯ ಪ್ಲಗ್ಗಿನಿಂದ ನಾಲ್ಕು ಮಾರು ವೈರು ಹೊಸಲು ದಾಟಿ ಬಂದಿತ್ತು. ಅದರ ಕೊನೆಯಲ್ಲಿ ಉರಿಯುವ ದೀಪ ಹಿಡಿದು ಚಿಕ್ಕಪ್ಪ ಕುಕ್ಕರುಗಾಲಲ್ಲಿ ಕೂತಿದ್ದರು. ಕಾವು ಹೆಚ್ಚಾದೀತೆಂದು ಇನ್ನೊಂದು ಅಂಗೈಯನ್ನು ನನ್ನ ರಟ್ಟೆಗೂ ದೀಪಕ್ಕೂ ನಡುವೆ ಆಗಾಗ ಒಡ್ಡಿ ನೋಡುತ್ತಿದ್ದರು.

ಆಮೇಲೆ ಜಗಲಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಒಸಿ ತಡ್ಕಳಿ ಸಾಹೇಬ್ರೆ, ಕಾಲು ಗಂಟೆ. ನಮ್ಮ ಹುಡುಗುಂಗೆ ರಟ್ಟೆ ನೋವು. ಎದ್ದಿದ್ರೆ ಮುಟ್ಟಕ್ಕೂ ಬುಡಲ್ಲ. ಇದು ಹೋದ್ರೆ ಇನ್ನೊಂದು ಐತಲ್ಲ."

ನನಗೆ ಐವತ್ತೆರಡು ವರ್ಷ. ಬಲ್ಬು ಯಾಕೆ ಹೋಗುತ್ತದೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಸ್ಟೆಬಿಲೈಸರ್ ಸಹಿಸಿದರು, ಲೈನ್‌ಮ್ಯಾನೇ ಅಲ್ಲ ಎಂದೂ ಅನ್ನಿಸಿಕೊಂಡರು. ಎಂಥ ಸಿಟ್ಟು ಬಂತೆಂದರೆ, ಎದ್ದು ಕೂತು ಕೂಗಬೇಕೆನಿಸಿತು. ಆದರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಸುಳ್ಳು ಗೊರಕೆ ಹೊಡೆದೆ.

ಸೋಮವಾರ ಹಲ್ಲುಜ್ಜುವಾಗ ಫೋನು ಬಂತು.

"ಬಲ್ಬು ಹೋಯ್ತು ಕಣ್ಲಾ. ಗೂಡಲ್ಲಿರೋದು ಹಾಕಿವ್ನಿ."

"ಹೋಗ್ಲಿ ಬಿಡಿ ಚಿಕ್ಕಪ್ಪ. ಸಂಜೆ ಇನ್ನೊಂದು ತರ್ತೀನಿ."

ಆ ಕಡೆಯಿಂದ ಗಾಬರಿಯ ದನಿ: "ಯಾಕ್ಲಾ, ಬೈಲೇ ಇಲ್ಲ? ಉಸಾರಾಗಿದ್ದೀಯ ತಾನೆ? ರಟ್ಟೆ ಜಾಸ್ತಿ ಆಯ್ತಾ?"

ಹಲ್ಲುಜ್ಜುವ ಕೈಯಲ್ಲೇ ಕಣ್ಣೊರೆಸಿಕೊಂಡು, ಅವರಿಗೆ ಸಮಾಧಾನವಾಗುವಷ್ಟು ಜೋರಾಗಿ ಬೈದೆ.