ನೋವಿಲ್ಲದ ದಿನದ ಮಾತ್ರೆ

ಮೊಳಕಾಲ್ಮೂರಿನಲ್ಲಿ ತಲೆ ನನ್ನದಾದರೂ ಅದರ ಯಜಮಾನಿಕೆ ಊರಿನದು. ಹಾಗಾಗಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ತೊಂಬತ್ತರ ದಶಕದ ಕೊನೆ. ಅರೆತಲೆನೋವಿನಿಂದ ತಿಂಗಳಲ್ಲಿ ಅರ್ಧ ಕತ್ತಲೆ ಕೋಣೆಯಲ್ಲೇ ಕಳೆಯುತ್ತಿದ್ದೆ. ನನ್ನ ರೇಷ್ಮೆ ಮಗ್ಗವನ್ನು ಓರಗಿತ್ತಿಗೆ ಕೊಡುವ ಮಾತು ಮನೆಯಲ್ಲಿ ಎದ್ದಿತ್ತು. ಪ್ರಾಣ ಬಿಟ್ಟೇನು, ಮಗ್ಗ ಬಿಡೆ ಎಂದು ಡಾಕ್ಟರನ್ನು ಕಾಣಲು ಚಳ್ಳಕೆರೆ ಬಸ್ಸು ಹತ್ತಿದೆ.

೧. ಅಗುಳಿ

ಡಾಕ್ಟರು ಮಾತ್ರೆ ಬರೆದುಕೊಟ್ಟು, "ನೋವು ಇರ್ಲಿ ಬಿಡ್ಲಿ, ದಿನಾ ತಗೋಬೇಕಮ್ಮ. ಇದು ನೋವು ಬರದಂಗೆ ತಡೆಯೋಕೆ" ಎಂದರು. ಅತ್ತೆಗೆ ಇದು ಹಿಡಿಸಲಿಲ್ಲ.

"ನೋವೇ ಇಲ್ದಾಗ ಮಾತ್ರೆ ಯಾಕೆ ನುಂಗ್ತೀಯೇ?"

"ಕಳ್ಳನೇ ಇಲ್ದಾಗ ಬಾಗಿಲಿಗೆ ಅಗುಳಿ ಯಾಕೆ ಹಾಕ್ತೀರಿ ಅತ್ತೆ?"

ಅವತ್ತಿನಿಂದ ಅಗುಳಿ ಹಾಕುವ ಕೆಲಸವೂ ನನ್ನ ಪಾಲಿಗೇ ಬಂತು.

೨. ಕೊಕ್ಕು

ಮಾತ್ರೆಯಿಂದ ಮೊದಮೊದಲು ಮಂಪರು. ಒಂದು ಸೀರೆಯ ಸೆರಗಿನಲ್ಲಿ ಗಿಳಿಗೆ ಕೊಕ್ಕು ನೇಯುವುದೇ ಮರೆತುಹೋಯಿತು. ಪಕ್ಕದ ಮನೆಯಾಕೆ ನೋಡಿ, "ಅಯ್ಯೋ ಪಾಪಂ! ಮೆದುಳು ಕರಗಾಕೆ ಹತ್ತೈತೆ" ಎಂದು ಬೀದಿಗೆಲ್ಲ ಸಾರಿದಳು. ನಾನು ಡಾಕ್ಟರನ್ನೇ ಕೇಳಿದೆ. ಅವರು ನಕ್ಕು, ಮೆದುಳು ಕರಗುವುದಿಲ್ಲ ಎಂದು ಹೇಳಿ ಮಾತ್ರೆ ಕಡಿಮೆ ಮಾಡಿದರು. ಮಂಪರು ಹೋಯಿತು.

ಸೀರೆ ಕೊಳ್ಳಲು ಬಂದ ಪೇಟೆ ಸಾಹೇಬರು ಮಾತ್ರ ಖುಷಿಯಾದರು. "ಅಕ್ಕಾ, ಮಾತಾಡದ ಗಿಳಿ! ಗಂಡಂದಿರು ಮುಗಿಬಿದ್ದು ತಗೋತಾರೆ."

"ಹೌದಾ ಸಾಹೇಬ್ರೇ? ನಿಮಗೂ ಅದೇ ಗಿಳಿ ಹಾಕಿ ಒಂದು ಲುಂಗಿ ನೇಯ್ಲಾ?"

ಸಾಹೇಬರು ಅವಸರದಲ್ಲಿ ಸೀರೆ ಮಡಿಸಿಕೊಂಡರು.

೩. ಬರೆ

ಮೂರು ತಿಂಗಳಲ್ಲಿ ನೋವು ತಿಂಗಳಿಗೆ ಎರಡೇ ದಿನಕ್ಕೆ ಇಳಿಯಿತು. ಉಳಿದ ಆ ಎರಡು ದಿನವನ್ನೇ ಅತ್ತೆ ಎತ್ತಿ ಆಡತೊಡಗಿದರು. ನಮ್ಮ ಕಡೆ ತಲೆನೋವಿಗೆ ಕಾದ ಕಬ್ಬಿಣದಿಂದ ಹಣೆಗೆ ಬರೆ ಎಳೆಯುವುದುಂಟು. ಅತ್ತೆ ಬರೆ ಹಾಕುವವನನ್ನು ಕರೆಸಿ, ಅಂಗಳದಲ್ಲಿ ಕೆಂಡ ಮಾಡಿಯೇಬಿಟ್ಟರು.

ನಾನು ಮಗ್ಗ ಬಿಟ್ಟು ಏಳಲಿಲ್ಲ. "ಹಣೆ ನಂದು. ಮುಟ್ಟಿದ್ರೆ ಲಾಳಿ ತಗೊಂಡು ಹೊಡೀತೀನಿ" ಎಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಆ ಮನುಷ್ಯ ಹತ್ತಿರವೂ ಬರಲಿಲ್ಲ. ತಲೆಗೆ ಟವೆಲ್ ಬಿಗಿದುಕೊಂಡು ಕಂಬಕ್ಕೆ ಒರಗಿ, ಮೆಲ್ಲಗೆ ಕೇಳಿದ: "ತಾಯಿ, ನಂಗೂ ವರ್ಷಗಟ್ಲೆಯಿಂದ ಅರ್ಧ ತಲೆ ಸಿಡೀತೈತೆ. ಆ ಡಾಕ್ಟ್ರು ಎಲ್ಲವ್ರೆ?"

ಅತ್ತೆ ಹೌಹಾರಿದರು. "ಹಂಗಾದ್ರೆ ನೀನೇ ಒಂದು ಬರೆ ಎಳ್ಕೊಬಾರ್ದೇನೋ?"

"ಅಯ್ಯಯ್ಯೋ, ಸುಡಲ್ವೇನವ್ವಾ!"

ಅವನು ಚಳ್ಳಕೆರೆ ಬಸ್ಸು ಹಿಡಿದ. ಆಮೇಲೆ ಮಗ್ಗದ ಮಾತನ್ನು ಯಾರೂ ಎತ್ತಲಿಲ್ಲ. ಅವತ್ತು ಅತ್ತೆ ಒಳಗಿನಿಂದ ಒಂದು ಮೊರ ಕಡಲೆಕಾಯಿ ತಂದು ಆ ಕೆಂಡದೊಳಗೆ ಸುರಿದರು.

"ಬಾರೇ, ಮಾತ್ರೆ ನುಂಗಿ ತಿನ್ನು. ಹಚ್ಚಿದ ಬೆಂಕಿ ದಂಡ ಆಗ್ಬಾರ್ದು."