ಸಂಪಿನೊಳಗೊಂದು ಕಿವಿ

ಅನುಮಾನವೂ ಒಂದು ಸಂಪತ್ತೇ ಎಂದು ನಂಬಿ ಬದುಕಿದವನು ನಾನು. ತರಕಾರಿಯವನು ‘ಇವತ್ತೇ ಕಿತ್ತ ಬೆಂಡೆಕಾಯಿ’ ಎಂದರೆ ಅದರ ತುದಿ ಮುರಿದು ನೋಡುತ್ತೇನೆ. ವೈದ್ಯರು ‘ನಿಮಗೇನೂ ಇಲ್ಲ’ ಎಂದರೆ ಏನೋ ದೊಡ್ಡದೇ ಇರಬೇಕೆಂದು ಇನ್ನೊಬ್ಬ ವೈದ್ಯರ ಬಳಿಗೆ ಹೋಗುತ್ತೇನೆ. ಬೆಳಿಗ್ಗೆ ಮನೆ ಬಿಡುವ ಮುನ್ನ ಗ್ಯಾಸು, ನಲ್ಲಿ, ಫ್ಯಾನು, ದೀಪ ಎಲ್ಲವನ್ನೂ ಒಂದು ಸುತ್ತು ಪರೀಕ್ಷಿಸಿ, ಆರದೆ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ, ಬೀಗ ಹಾಕುವ ಅಗತ್ಯವೇ ಇಲ್ಲದ ಬೀರುವನ್ನೂ ಎಳೆದು ನೋಡಿಯೇ ಹೊರಡುವುದು. ಇದನ್ನು ನನ್ನ ಹೆಂಡತಿ ಸುಧಾ ‘ಮಂಗಳಾರತಿ’ ಎನ್ನುತ್ತಾಳೆ. ಅವಳು ನುಂಗಂಬಾಕ್ಕಂನ ಬ್ಯಾಂಕಿಗೆ ನನಗಿಂತ ಮೊದಲೇ ಹೊರಡುವುದರಿಂದ ಈ ಮಂಗಳಾರತಿಯನ್ನು ಕಣ್ಣಾರೆ ಕಂಡು ನೊಂದುಕೊಳ್ಳುವ ಕಷ್ಟ ಅವಳಿಗಿಲ್ಲ; ಅದು ಮನೆಯಲ್ಲೇ ಇರುವ ನನ್ನ ಅಮ್ಮನ ಪಾಲು.

ಇಂಥ ಸ್ವಭಾವಕ್ಕೆ ಸಂಬಳ ಕೊಡುವವರೂ ಇದ್ದಾರೆ. ಅಂಬತ್ತೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ನೋಡುವ ಅಧಿಕಾರಿಯಾಗಿದ್ದೆ. ಅಲ್ಲಿ ತಯಾರಾಗುತ್ತಿದ್ದುದು ನೀರಿನೊಳಗೆ ಇಳಿಬಿಡುವ ಕಿವಿಗಳು. ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಕುಲುಮೆಯಲ್ಲಿ ಸುಟ್ಟು, ಎರಡೂ ಮುಖಕ್ಕೆ ಬೆಳ್ಳಿ ಬಳಿದು, ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಭಾರಿ ವಿದ್ಯುತ್ತಿನ ರುಚಿ ತೋರಿಸಿದರೆ, ಆ ಪಿಂಗಾಣಿಗೆ ಒಂದು ಬುದ್ಧಿ ಬರುತ್ತದೆ. ಆಮೇಲೆ ಅದನ್ನು ಸ್ವಲ್ಪ ಒತ್ತಿದರೂ ಸಾಕು, ವಿದ್ಯುತ್ತು ಹುಟ್ಟುತ್ತದೆ. ನೀರಿನಲ್ಲಿ ಸದ್ದೆಂದರೂ ಒತ್ತಡವೇ ತಾನೆ? ಮೀನಿನ ದೋಣಿಯವರಿಗೆ, ಸಮುದ್ರದ ಆಳ ಅಳೆಯುವವರಿಗೆ ಇವು ಬೇಕು. ನನ್ನ ಸಹಿಯಿಲ್ಲದೆ ಒಂದು ಬಿಲ್ಲೆಯೂ ಗೇಟು ದಾಟುತ್ತಿರಲಿಲ್ಲ.

ಹೀಗಿರುವಾಗ ರೇವತಿ ಎಂಬ ಹುಡುಗಿ ನಮ್ಮ ಪ್ರಯೋಗಶಾಲೆಗೆ ಬಂದಳು. ಗಟ್ಟಿ ಬಿಲ್ಲೆಯ ಬದಲು ಪಿಂಗಾಣಿಯನ್ನು ಸಣ್ಣ ಸಣ್ಣ ಕಂಬಗಳಾಗಿ ಕೊಯ್ದು, ನಡುವಿನ ಸಂದಿಗೆ ಅಂಟು ಪ್ಲಾಸ್ಟಿಕ್ಕು ತುಂಬಿ ಹೊಸ ಬಗೆಯ ಕಿವಿ ಮಾಡಿದಳು. ಗಟ್ಟಿ ಪಿಂಗಾಣಿಗೆ ತಾಗಿದ ಸದ್ದು ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ, ಇದು ಹಗುರ, ನೀರಿನ ಗುಣಕ್ಕೆ ಹತ್ತಿರ, ಹಾಗಾಗಿ ಸಣ್ಣ ಸದ್ದೂ ಒಳಗೆ ಬರುತ್ತದೆ ಎಂದು ವಿವರಿಸಿದಳು. ಹೊರದೇಶಗಳಲ್ಲಿ ಇದೇ ಈಗ ಹೊಸ ಹಾದಿಯಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ ನಾನು. ಅರ್ಧಕ್ಕರ್ಧ ಪ್ಲಾಸ್ಟಿಕ್ಕು ತುಂಬಿದ ಮೇಲೆ ಹೆಚ್ಚು ಕೇಳುತ್ತದೆಂದರೆ ನಂಬಲು ನನಗೇನು ಕಿವಿಯಲ್ಲಿ ಹೂವೇ? ಇನ್ನೊಂದು ಪರೀಕ್ಷೆ, ಮತ್ತೊಂದು ಪರೀಕ್ಷೆ ಎಂದು ಸಹಿ ಮುಂದೂಡುತ್ತ ಬಂದೆ. ಆ ತಿಂಗಳೊಳಗೆ ಒಪ್ಪಿಗೆ ಸಿಗದಿದ್ದರೆ ಅವಳ ಕೆಲಸವನ್ನೇ ನಿಲ್ಲಿಸುವುದಾಗಿ ಮ್ಯಾನೇಜರು ಹೇಳಿದ್ದರು. ಅವಳ ಮುಖ ದಿನದಿನಕ್ಕೆ ಬಾಡುತ್ತಿತ್ತು. ನನಗೆ ಅದೂ ಒಂದು ತಂತ್ರವಾಗಿ ಕಂಡಿತು.

ಮದರಾಸಿಗೆ ಮಳೆ ಕೈಕೊಟ್ಟ ಕಾಲ ಅದು. ಕೀಲ್ಪಾಕಿನ ನಮ್ಮ ವಠಾರದಂಥ ಫ್ಲ್ಯಾಟಿಗೆ ಲಾರಿಯಲ್ಲಿ ನೀರು ಬಂದು ನೆಲದಡಿಯ ಸಂಪು ತುಂಬುತ್ತಿತ್ತು. ಬೆಳಿಗ್ಗೆ ತುಂಬಿದ ಸಂಪು ಮಧ್ಯಾಹ್ನಕ್ಕೆ ತಳ ಕಾಣತೊಡಗಿತು. ಲಾರಿಯಿಂದಿಳಿದ ನೀರನ್ನು ಯಾರೋ ಕದಿಯುತ್ತಿದ್ದಾರೆ! ನಾನು ಕೆಲವು ವಾರ ಗಮನಿಸಿ ಒಂದು ಸತ್ಯ ಕಂಡುಹಿಡಿದೆ. ಭಾನುವಾರ ಮಾತ್ರ ನೀರು ಇಳಿಯುವುದಿಲ್ಲ. ಅಂದರೆ ಕಳ್ಳನಿಗೆ, ನಾನು ಮನೆಯಲ್ಲಿರುತ್ತೇನೆಂಬ ಹೆದರಿಕೆ. ಅಸೋಸಿಯೇಷನ್ ಸಭೆಯಲ್ಲಿ ಎದ್ದು ನಿಂತು, ಕಳ್ಳ ವಾರವೆಲ್ಲ ಮನೆಯಲ್ಲೇ ಇರುವವನು ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮಹಡಿಯ ಮೇಲಿನ ಗೋಪಿನಾಥ ರಾಯರು ಎದ್ದರು. ರೈಲ್ವೆಯಿಂದ ನಿವೃತ್ತರು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದು ಅರ್ಧ ತಮಿಳಾದ ಕನ್ನಡದವರು.

“ಪ್ರೂಫ್ ಇದ್ರೆ ಕಾಟ್ಟಿ ಸಾರ್. ವಾಯಿಗೆ ಬಂದ ಹಾಗೆ ಪೇಸಬೇಡಿ,” ಎಂದರು.

ಸಾಕ್ಷಿ ತೋರಿಸುತ್ತೇನೆ ಎಂದುಬಿಟ್ಟೆ. ಆಗ ಹೊಳೆದದ್ದು ರೇವತಿಯ ಕಿವಿ. ಕದ್ದು ಎಳೆಯುವ ಮೋಟರಿನ ಸದ್ದು ಪೈಪಿನ ಮೂಲಕ ನೀರಿಗೆ ಇಳಿಯಲೇಬೇಕು. ಅದು ಕೇಳಿಸಿದರೆ ಕಳ್ಳ ಸಿಕ್ಕ, ಕೇಳಿಸದಿದ್ದರೆ ಹುಡುಗಿಯ ಬಂಡವಾಳ ಬಯಲಾಯಿತು. ಹೇಗಾದರೂ ಗೆಲುವು ನನ್ನದೇ. ಇದೇ ಕಡೆಯ ಪರೀಕ್ಷೆ ಎಂದಾಗ ಅವಳು ಸಂತೋಷದಿಂದ ಒಪ್ಪಿದಳು.

ಆ ದಿನ ಕಳ್ಳನಿಗೆ ಧೈರ್ಯ ಬರಲೆಂದು ಎಂದಿನಂತೆ ಮಂಗಳಾರತಿ ಮುಗಿಸಿ, ಊಟದ ಡಬ್ಬಿ ಹಿಡಿದು, ಬೀದಿಯ ತಿರುವಿನವರೆಗೆ ನಡೆದುಹೋಗಿ, ಅಲ್ಲಿ ಕಾದಿದ್ದ ರೇವತಿಯೊಡನೆ ಹಿಂದಿನ ಗೇಟಿನಿಂದ ಬಂದೆ. ಸಂಪಿನ ಮುಚ್ಚಳ ಸರಿಸಿ ಅವಳು ಕಿವಿಯನ್ನು ಇಳಿಬಿಟ್ಟಳು. ಜತೆಗೆ ತಂದಿದ್ದ ಸಣ್ಣ ಸ್ಪೀಕರಿನಿಂದ ಗುಂಯ್ ಎಂದು ಸದ್ದು ಬಂತು. ಮೇಲೆ ಕಿವಿಗೊಟ್ಟರೆ ಏನೂ ಇಲ್ಲ, ನೀರಿನೊಳಗೆ ಸ್ಪಷ್ಟವಾಗಿ ಮೋಟರು. ನನ್ನ ಎದೆ ಉಬ್ಬಿತು. ರಾಯರನ್ನು ಕೂಗಿದೆ. ಅವರು ಕೇಳಿಸಿಕೊಂಡರು, ಮೇಲೆ ಹೋದರು, ತಮ್ಮ ಮನೆಯ ಫ್ಯೂಸನ್ನೇ ಕಿತ್ತು ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ನಿಂತರು. ಸದ್ದು ನಿಲ್ಲಲಿಲ್ಲ.

ರೇವತಿ ಕಿವಿಯನ್ನು ನಿಧಾನವಾಗಿ ಸಂಪಿನ ಉದ್ದಕ್ಕೂ ಸರಿಸಿದಳು. ನಮ್ಮ ಮನೆಯ ಕಡೆಯ ಮೂಲೆಗೆ ಬಂದಾಗ ಸದ್ದು ಜೋರಾಯಿತು. ಅಲ್ಲಿ ಮುಳುಗಿದ್ದದ್ದು ನಮ್ಮ ಅಮ್ಮನ ಮಡಿ ನೀರಿನ ಪುಟ್ಟ ಮೋಟರು. ಮೇಲಿನ ತೊಟ್ಟಿಯಲ್ಲಿ ಕಾಗೆ ಸ್ನಾನ ಮಾಡಿದ್ದನ್ನು ಕಂಡ ದಿನದಿಂದ ಆ ನೀರು ಅಮ್ಮನಿಗೆ ದೇವರ ಪೂಜೆಗಾಗದು. ಅಸೋಸಿಯೇಷನ್ನಿನ ಒಪ್ಪಿಗೆ ಪಡೆದೇ ಹಾಕಿಸಿದ್ದು. ಬೆಳಿಗ್ಗೆ ಒಂದು ಕೊಡ ತುಂಬುವಷ್ಟು ಹೊತ್ತು ಓಡಿಸಿ ಸುಧಾ ಆರಿಸುತ್ತಾಳೆ. ಅದು ಆರಿದೆ, ಈಗ ತಾನೇ ನನ್ನ ಕೈಯಾರೆ ಆರಿಸಿದೆ ಎಂದೆ. ರೇವತಿ ಹಿತ್ತಿಲಿಗೆ ಹೋಗಿ ಸ್ವಿಚ್ಚು ನೋಡಿ, ಇದನ್ನು ತಲೆಕೆಳಗಾಗಿ ಕೂರಿಸಿದ್ದಾರೆ ಸಾರ್, ಮೇಲಕ್ಕಿದ್ದರೆ ಓಡುತ್ತದೆ ಎಂದು ಕೆಳಕ್ಕೆ ಒತ್ತಿದಳು. ಗುಂಯ್ ನಿಂತುಹೋಯಿತು. ಬಚ್ಚಲಲ್ಲಿ ಕೊಡ ತುಂಬಿ ಮೋರಿಗೆ ಹರಿಯುತ್ತಿದ್ದ ನೀರೂ ನಿಂತಿತು.

ಅಡುಗೆಮನೆಯ ಬಾಗಿಲಲ್ಲಿ ಮಡಿಯುಟ್ಟು ನಿಂತಿದ್ದ ಅಮ್ಮ ಶಾಂತವಾಗಿ ಹೇಳಿದರು: “ದಿನಾ ನೀನೇ ಹಾಕಿ ಹೋಗ್ತೀಯಲ್ಲೋ. ಮಡೀಲಿ ನಾನು ಸ್ವಿಚ್ ಮುಟ್ಟೋ ಹಾಗಿಲ್ಲ. ಊಟ ಆದ್ಮೇಲೆ ಆರಿಸ್ತೀನಿ. ನಿಮ್ಮ ಆಫೀಸಿಂದು ಏನೋ ಪರೀಕ್ಷೆ ಇರಬೇಕು ಅಂದ್ಕೊಂಡಿದ್ದೆ.”

ಭಾನುವಾರ ನೀರು ಏಕೆ ಇಳಿಯುತ್ತಿರಲಿಲ್ಲವೆಂದು ಆಗ ಅರ್ಥವಾಯಿತು. ಭಾನುವಾರ ನನ್ನ ಮಂಗಳಾರತಿಗೆ ರಜ. ಸುಧಾ ಸರಿಯಾಗಿ ಆರಿಸಿದ್ದನ್ನು ವಾರವೆಲ್ಲ ನಾನು ಅನುಮಾನದಿಂದ ಹಾಕುತ್ತಿದ್ದೆ. ನೆಲ ಬಿರಿದು ನುಂಗಬಾರದೇ ಎನಿಸಿತು.

ರಾಯರು ಫ್ಯೂಸನ್ನು ಜೇಬಿಗೆ ಹಾಕಿಕೊಂಡು, “ಈ ಮೆಷಿನ್ನ ನಂಬಬಹುದಾ ಸಾರ್?” ಎಂದು ಕೇಳಿದರು.

ನಂಬುವ ಹಾಗಿಲ್ಲ, ಅರ್ಧ ಪ್ಲಾಸ್ಟಿಕ್ಕು ಎಂದಿದ್ದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ರೇವತಿ ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿದ್ದ ಹೆದರಿಕೆ ಕಂಡು, ಮೊದಲ ಬಾರಿಗೆ, ಅದು ತಂತ್ರವಲ್ಲ ಎನಿಸಿತು. ನನಗೆ ನಾಚಿಕೆಯಾಯಿತು.

“ನಂಬಬಹುದು,” ಎಂದೆ. “ತಪ್ಪಾಯಿತು ರಾಯರೇ.”

ಮಾರನೆಯ ದಿನವೇ ಸಹಿ ಹಾಕಿದೆ. ಪೆನ್ನು ಸರಿಯಾಗಿ ಬರೆಯುತ್ತದೆಯೇ ಎಂದು ಬೇರೆ ಕಾಗದದ ಮೇಲೆ ಗೀಚಿ ನೋಡಿದ ಮೇಲೆ. ಸುಧಾಳಿಗೆ ಸ್ವಿಚ್ಚು ತಲೆಕೆಳಗಿರುವುದು ಮೊದಲಿನಿಂದಲೂ ಗೊತ್ತಿತ್ತಂತೆ. ಹೇಳಿದ್ದರೆ ನಾನು ಮನೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿಸುತ್ತಿದ್ದೆನೆಂದು ಸುಮ್ಮನಿದ್ದಳಂತೆ. ‘ತಾನು ಕಳ್ಳ, ಪರರ ನಂಬ’ ಎಂಬ ಗಾದೆಯನ್ನು ಅವಳು ಹೇಳಲಿಲ್ಲ, ಅಮ್ಮ ಹೇಳಿದರು. ಮಂಗಳಾರತಿ ನಿಲ್ಲಿಸಿ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆ ಬಿಡಬೇಕೆಂದು ನನಗೆ ಆಜ್ಞೆಯಾಯಿತು.

ಹಾಗೆಯೇ ಹೊರಟೆ. ಗೇಟು ದಾಟಿದ್ದೇ ತಡ, ಆ ಸ್ವಿಚ್ಚು ಆರಿದೆಯೋ ಇಲ್ಲವೋ ಎಂಬ ಸಂಕಟ ಶುರುವಾಗಿ ಅಲ್ಲೇ ನಿಂತೆ. ಮಹಡಿಯ ಮೇಲಿಂದ ರಾಯರು ಬಗ್ಗಿ, ಆರಿದೆ ಸಾರ್, ನಾನು ನೋಡಿದೆ, ನೆಮ್ಮದಿಯಾಗಿ ಹೋಗಿಬನ್ನಿ ಎಂದು ನಕ್ಕರು. ಎಂಥ ದೊಡ್ಡ ಮನಸ್ಸು! ಇಂಥವರ ಮೇಲೆ ಅನುಮಾನಪಟ್ಟೆನಲ್ಲ ಎಂದು ಕಣ್ಣು ಒದ್ದೆಯಾಯಿತು. ನಂಬಿ ಬಸ್ಸು ಹತ್ತಿದೆ. ಅಂಬತ್ತೂರು ಮುಟ್ಟುವವರೆಗೂ ಒಂದೇ ಯೋಚನೆ: ನಮ್ಮ ಹಿತ್ತಿಲಿನ ಸ್ವಿಚ್ಚು ಆರಿದೆಯೆಂದು ಮಹಡಿಯ ಮೇಲಿರುವ ಈ ಮನುಷ್ಯನಿಗೆ ಹೇಗೆ ಗೊತ್ತಾಯಿತು?