ಆ ಮೂಲೆಗೆ ತಕ್ಕ ಮಚ್ಚು

ನಮ್ಮ ಬೀಗರು ನನ್ನ ಮಗಳನ್ನು ನೋಡಿ ಸೊಸೆ ಮಾಡಿಕೊಂಡವರಲ್ಲ, ನಮ್ಮ ಮನೆಯ ಮಚ್ಚು ನೋಡಿ ಮಾಡಿಕೊಂಡವರು! ಹೀಗೆಂದರೆ ಮಗಳಿಗೆ ಕೋಪ ಬರುತ್ತದೆ. ಬರಲಿ ಬಿಡಿ. ನಾನೀಗ ಅಜ್ಜಿಯಾದವಳು, ನನಗ್ಯಾರ ಭಯ? ಹೌದು, ಅಜ್ಜಿ! ನನಗೊಬ್ಬಳು ಮೊಮ್ಮಗಳಿದ್ದಾಳೆ. ಕೆನ್ನೆ ಮುಟ್ಟಿದರೆ ಬೆಣ್ಣೆ. ಕಾಗೆಗೂ ಟಾಟಾ ಮಾಡುತ್ತಾಳೆ, ಬಸ್ಸಿಗೂ ಟಾಟಾ ಮಾಡುತ್ತಾಳೆ, ತಿರುಗುವ ಫ್ಯಾನಿಗೂ ಟಾಟಾ ಮಾಡುತ್ತಾಳೆ! ಅವಳ ವಿಷಯ ಶುರು ಮಾಡಿದರೆ ಬೀಗರು ಹಿಂದೆ ಉಳಿದುಬಿಡುತ್ತಾರೆ. ಮೊದಲು ಬೀಗರು.

ಅವರದು ಕುಣಿಗಲ್ ಕಡೆಯ ಕೊತ್ತಗೆರೆ. ನಾನಿರುವುದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಹೆಣ್ಣು ನೋಡಲು ಅವರು ಗಂಡ ಹೆಂಡತಿ, ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ ದಿನ ನಾನು ಅಡಿಗೆಮನೆಯಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದೆ. ಹಾಲ್‌ನಲ್ಲಿ ಕೂತಿದ್ದ ಈ ಮನುಷ್ಯ ಸದ್ದು ಕೇಳಿದವರೇ ಎದ್ದು ನೇರ ಒಳಗೆ ಬಂದುಬಿಟ್ಟರು!

"ಅಕ್ಕಾರೇ, ಆ ಮಚ್ಚು ಇಂಗ್ ಕೊಡಿ. ಬಾಯಿ ಮೊಂಡಾಗೋಗದೆ ಅದ್ರದ್ದು."

ನಾನು ಕೊಡಲು ಹೋದರೆ ಎರಡು ಹೆಜ್ಜೆ ಹಿಂದಕ್ಕೆ ಸರಿದರು. "ಕೆಳಗಿಡಿ, ಕೆಳಗಿಡಿ! ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತದೆ. ಸಂಬಂಧ ಮಾಡೋಕ್ ಬಂದಿದೀವಿ."

ಕೆಳಗಿಟ್ಟೆ. ಎತ್ತಿಕೊಂಡು ಹಿತ್ತಲಿನ ಒಗೆಯುವ ಕಲ್ಲಿಗೆ ಹೋದರು. ಆಮೇಲೆ ಹೆಣ್ಣು ನೋಡುವ ಶಾಸ್ತ್ರವೆಲ್ಲ ಕರ್ ಕರ್ ಎಂಬ ಮಸೆಯುವ ಸದ್ದಿನೊಳಗೇ ನಡೆಯಿತು. ಮಗಳು ರೇಷ್ಮೆ ಸೀರೆ ಉಟ್ಟು, ಕಾಫಿ ಲೋಟ ಹಿಡಿದು, ಮಾವನಾಗುವವರನ್ನು ಹುಡುಕಿಕೊಂಡು ಹಿತ್ತಲಿಗೆ ಹೋಗಬೇಕಾಯಿತು. ಅವರು ಅವಳ ಮುಖ ನೋಡಿದರೇ? ಎಲ್ಲಿಯ ಮಾತು! ಮಚ್ಚನ್ನು ಬಿಸಿಲಿಗೆ ಎತ್ತಿ ಹಿಡಿದು, "ಲಾರಿ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿರೋದು ಕಣವ್ವ! ಎಲ್ ಸಿಕ್ತದೆ ಇಂಥದ್ದು? ಇದ್ನ ಇಟ್ಕಂಡಿರೋ ಮನೆ ಅಂದ್ರೆ ಕೇಳೋದೇನು? ನಂದು ಒಪ್ಗೆ!" ಅಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೀಗಿತಿ ಮಾತ್ರ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. "ಬುಡಿ ಅಕ್ಕಾ. ನನ್ ಮದ್ವೇಲೂ ಇವ್ರು ನಮ್ಮಪ್ಪನ ಕುಡುಗೋಲು ನೋಡ್ಕಂಡೇ ಕೂತಿದ್ರು. ತಾಳಿ ಕಟ್ಟೋಕೆ ಕೂಗ್ಬೇಕಾಯ್ತು!"

ಆ ಮಚ್ಚು ನನ್ನ ಯಜಮಾನರು ಗುಬ್ಬಿ ಸಂತೆಯಲ್ಲಿ ತಂದದ್ದು. ಅವರು ಹೋದ ಮೇಲೆ ಅದಕ್ಕೆ ಕಾಯಿ ಒಡೆಯುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಒಬ್ಬಳಿಗೆ ಎಷ್ಟು ಕಾಯಿ ಬೇಕು ಹೇಳಿ?

ಮದುವೆಯಾಯಿತು. ಅಳಿಯನಿಗೆ ಗುಬ್ಬಿಯ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ, ಮಗಳು ಅಲ್ಲೇ ಸಂಸಾರ ಹೂಡಿದಳು. ಆದರೆ ಮಾರನೆಯ ವರ್ಷವೇ ಬೀಗಿತಿ ತೀರಿಕೊಂಡಳು. ಅಷ್ಟು ನಗುತ್ತಿದ್ದವಳು ಸಣ್ಣ ಜ್ವರ ಅಂತ ಮಲಗಿದವಳು ಏಳಲೇ ಇಲ್ಲ. ಕೊತ್ತಗೆರೆಯ ಅವರ ಹೊಲದ ಮೂಲೆಯಲ್ಲೇ ಮಣ್ಣು ಮಾಡಿ, ಮೇಲೊಂದು ಗದ್ದುಗೆ ಕಟ್ಟಿದರು.

ಬೀಗರ ಮಚ್ಚಿನ ಹುಚ್ಚು ತಾರಕಕ್ಕೇರಿದ್ದು ಅಲ್ಲಿಂದಲೇ. ತುಮಕೂರಿಗೆ ಬಂದರೆ ಸಾಕು, ನನ್ನನ್ನೂ ಎಬ್ಬಿಸಿಕೊಂಡು ಪೇಟೆಯ ಕಬ್ಬಿಣದ ಅಂಗಡಿಗೆ ಹೊರಡುತ್ತಾರೆ. ಅಂಗಡಿಯ ಸಾಹೇಬರು ದೂರದಿಂದಲೇ ಇವರನ್ನು ನೋಡಿ ಟೀ ಹೇಳುತ್ತಾರೆ. ಯಾಕೆಂದರೆ ಬೇಗ ಮುಗಿಯುವ ವ್ಯವಹಾರವಲ್ಲ!

ಬೀಗರಿಗೆ ಅಗ್ಗದ ಮಚ್ಚೇ ಆಗಬೇಕು. "ದುಬಾರಿ ಮಚ್ಚು ತಗಂಡ್ರೆ ಅದ್ನ ನೋಡ್ಕಳೋದೇ ಕೆಲ್ಸ ಆಯ್ತದೆ. ಗಿಡ ಯಾರ್ ಕಡಿಯೋರು?" ಅನ್ನುತ್ತಾರೆ. ಬಣ್ಣ ಬಳಿದಿರಬಾರದು, ಬಳಿದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ. ಬೆನ್ನು ದಪ್ಪ ಇರಬೇಕು, ಬಾಯಿ ತೆಳ್ಳಗಿರಬೇಕು. ಕಬ್ಬಿಣದ ಬಾಲ ಮರದ ಹಿಡಿಯೊಳಗೆ ಪೂರಾ ತೂರಿ ಆಚೆ ಬಂದಿರಬೇಕು, ಅರ್ಧಕ್ಕೆ ನಿಂತಿದ್ದರೆ ಒಂದು ದಿನ ಮಚ್ಚು ಒಂದು ಕಡೆ, ಹಿಡಿ ಒಂದು ಕಡೆ. ಕೊನೆಗೆ ಉಗುರಿನಿಂದ ಟಣ್ ಎಂದು ಮೀಟಿ, ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಯಾರೋ ದೂರದಿಂದ ಫೋನ್ ಮಾಡಿದ್ದಾರೆ ಅನ್ನಬೇಕು, ಹಾಗೆ!

"ಹೋದ್ ಸಲದ್ದು ಏನಾಯ್ತು ಯಜಮಾನ್ರೇ?" ಒಂದು ಸಲ ಸಾಹೇಬರು ಕೇಳಿದರು.

"ಭಾರ ಆಯ್ತು."

"ಅದಕ್ ಮುಂಚೆದು?"

"ಹಗುರ ಆಯ್ತು."

"ಅಲ್ಲಾ ಯಜಮಾನ್ರೇ, ನೀವು ಮಚ್ಚು ತಗೊಳ್ಳೋಕ್ ಬರ್ತೀರಾ, ಹೆಣ್ಣು ನೋಡೋಕ್ ಬರ್ತೀರಾ?"

"ಹೆಣ್ಣು ನೋಡೋಕ್ ಹೋದ್ರೂ ಇವ್ರು ನೋಡೋದು ಮಚ್ಚೇ ಭಾಯಿ!" ಅಂದೆ ನಾನು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಬೀಗರೂ ನಕ್ಕರು. ಮಚ್ಚನ್ನು ಗಾಳಿಯಲ್ಲಿ ಒಂದು ಸಲ ಬೀಸಿ, ಯಾವಾಗಲೂ ಹೇಳುವ ಮಾತು ಹೇಳಿದರು: "ಪರ್ವಾಗಿಲ್ಲ. ಆದ್ರೆ ಆ ಮೂಲೆಗ್ ಆಗಲ್ಲ."

ಆಗುವುದಿಲ್ಲ ಎಂದ ಮೇಲೂ ಕೊಂಡುಕೊಂಡರು! ಅವರ ಮನೆಯ ಗೋಡೆಗೆ ದೇವರ ಪಟಕ್ಕಿಂತ ಮಚ್ಚುಗಳೇ ಜಾಸ್ತಿ ನೇತಾಡುತ್ತಿವೆ.

ಒಮ್ಮೆ ಅಳಿಯ ಅಪ್ಪನಿಗೆ ಅಂತ ಫೋನಿನಲ್ಲೇ ಆರ್ಡರ್ ಮಾಡಿ ಒಂದು ಫಾರಿನ್ ಮಚ್ಚು ತರಿಸಿದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದಕ್ಕೊಂದು ಚರ್ಮದ ಚೀಲ ಬೇರೆ. ಬೀಗರು ಬಳ್ಳಾರಿ ಜಾಲಿಗೆ ಮೊದಲ ಏಟು ಹಾಕಿದರು. ಮಚ್ಚು ಹಿಡಿಯಿಂದ ಕಳಚಿ ಹಾರಿ ಪಕ್ಕದ ಹೊಲದ ಹುಲ್ಲಿನ ಮೆದೆಗೆ ಹೋಗಿ ನೆಟ್ಟುಕೊಂಡಿತು! "ಎಂಗದೆ ಅಪ್ಪಾ?" ಎಂದು ಮಗ ಫೋನ್ ಮಾಡಿದಾಗ, "ಚೀಲ ಬಾಳ ಚೆನ್ನಾಗದೆ ಮಗ" ಅಂದರು. ಈಗ ಅದರಲ್ಲಿ ಕನ್ನಡಕ ಇಡುತ್ತಾರೆ.

ಬಸ್ಸಿನ ಕಥೆಯನ್ನೂ ಹೇಳಿಬಿಡುತ್ತೇನೆ. ಪೇಪರಿನಲ್ಲಿ ಸುತ್ತಿದ ಹೊಸ ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕುಣಿಗಲ್ ಬಸ್ಸಿನಲ್ಲಿ ಕೂತಿದ್ದರಂತೆ.

"ಏನ್ರೀ ಅದು?" ಅಂದನಂತೆ ಕಂಡಕ್ಟರ್.

"ಮಚ್ಚು."

"ಯಾರಿಗ್ರೀ?"

"ಇನ್ನೂ ತೀರ್ಮಾನ ಮಾಡಿಲ್ಲ. ಎಲ್ಲಿ ಜಾಸ್ತಿ ಬೆಳದದೋ ಅಲ್ಲಿಗೆ."

ಪಕ್ಕದವನು ಎದ್ದ, ಹಿಂದಿನವರು ಎದ್ದರು, ಮುಂದಿನ ಸೀಟೂ ಖಾಲಿ! ಅಷ್ಟು ನೂಕುನುಗ್ಗಲಿನ ಬಸ್ಸಿನಲ್ಲಿ ಕಾಲು ಚಾಚಿಕೊಂಡು ಹೋದರಂತೆ. ಇದನ್ನು ಹೇಳಿ ಬಿದ್ದು ಬಿದ್ದು ನಕ್ಕವರು, ಕೊನೆಗೆ ಮೆಲ್ಲಗೆ, "ಅವ್ಳಿದ್ದಿದ್ರೆ ಪಕ್ಕದಲ್ಲೇ ಕೂತಿರೋಳು" ಅಂದರು. ಆಮೇಲೆ ನನಗೂ ನಗು ಬರಲಿಲ್ಲ.

ಒಂದು ಸಲ ನಮ್ಮ ಮನೆಗೆ ಬಂದಾಗ ಪಕ್ಕದ ಖಾಲಿ ಸೈಟು ಇವರ ಕಣ್ಣಿಗೆ ಬಿತ್ತು. ಲಂಟಾನ ಆಳೆತ್ತರ ಬೆಳೆದಿತ್ತು. ಕೇಳಬೇಕೇ? ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ಗಿಡದ ತಲೆಗೆ ಹೊಡೆಯುವವರಲ್ಲ. ಬಗ್ಗಿ ಬುಡಕ್ಕೆ ಓರೆಯಾಗಿ ಒಂದೇ ಏಟು. ಒಂದು ಏಟು ಹಾಕಿ ನಿಲ್ಲುತ್ತಾರೆ. "ಎಳ್ಕೋ" ಅನ್ನುತ್ತಾರೆ. ಸ್ವಲ್ಪ ಹೊತ್ತು ನೋಡಿ ಮುಂದಿನ ಗಿಡಕ್ಕೆ ಹೋಗುತ್ತಾರೆ. ಮತ್ತೆ ಏಟು, ಮತ್ತೆ "ಎಳ್ಕೋ". ಅಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ! ನನಗೇ ಹೇಳುತ್ತಿದ್ದಾರೇನೋ ಎಂದು ಓಡಿಹೋಗಿ ಕೊಂಬೆ ಹಿಡಿದು ಎಳೆದೆ. ಬೆಚ್ಚಿಬಿದ್ದು ತಿರುಗಿ ನೋಡಿದರು. "ನೀವ್ಯಾಕ್ ಬಂದ್ರಿ ಅಕ್ಕಾರೇ? ಮುಳ್ಳು ತರಚ್ತದೆ, ಹೋಗಿ" ಅಂದರು.

ಆ ಭರದಲ್ಲಿ ಆಚೆ ಮನೆಯಾಕೆ ಕಾಂಪೌಂಡಿಗೆ ಹಬ್ಬಿಸಿದ್ದ ಕಾಗದದ ಹೂವಿನ ಬಳ್ಳಿಯನ್ನೂ ಬುಡಸಮೇತ ಮುಗಿಸಿದ್ದರು! ಆಕೆ ಚೀರಿಕೊಂಡು ಬಂದಳು. "ಅಯ್ಯೋ, ನನ್ ಗಿಡ! ನರ್ಸರಿಯಿಂದ ತಂದಿದ್ದು ಕಣ್ರೀ!"

"ಮುಳ್ಳಿತ್ತಲ್ಲವ್ವ?" ಅಂದರು ಬೀಗರು, ಮುಗ್ಧರಾಗಿ.

"ಮುಳ್ಳಿದ್ರೆ ಕಡಿದುಬಿಡೋದಾ? ನಮ್ಮತ್ತೆಗೂ ಮುಳ್ಳೈತೆ, ಏನ್ ಮಾಡ್ತೀರಿ?"

ಬೀಗರು ಮಚ್ಚನ್ನು ಮೆಲ್ಲಗೆ ಪೇಪರಿನಲ್ಲಿ ಸುತ್ತಿಕೊಂಡರು. ನಾಲಿಗೆಗೆ ಹೆದರಿ ಅವರು ಮಚ್ಚು ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಊರಿನ ಬಸ್ ಸ್ಟಾಪು, ದೇವರಾಯನದುರ್ಗಕ್ಕೆ ಹೋದಾಗ ಮೆಟ್ಟಿಲ ಪಕ್ಕದ ಪೊದೆ, ಯಾರದೋ ತೋಟದ ಬೇಲಿ, ಇವರ ಕೈ ತಾಗದ ಜಾಗವಿಲ್ಲ. ಯಾರೂ ಕರೆಯುವುದಿಲ್ಲ, ಇವರಾಗಿಯೇ ಹೋಗುತ್ತಾರೆ. ಆದರೆ ಸ್ವಂತ ಹೊಲದ ಆ ಮೂಲೆಯನ್ನು ಮಾತ್ರ ಮುಟ್ಟಿಲ್ಲ. ಲಂಟಾನ, ಬಳ್ಳಾರಿ ಜಾಲಿ, ಅದರ ಮೇಲೆ ಬಳ್ಳಿ ಎಲ್ಲ ಹಬ್ಬಿ ಬೀಗಿತಿಯ ಗದ್ದುಗೆ ಕಾಣದೇ ಹೋಗಿತ್ತು. ಊರಿನವರು ಕೇಳಿದರೆ ಒಂದೇ ಉತ್ತರ: "ಅದಕ್ಕೆ ತಕ್ಕ ಮಚ್ಚು ಸಿಕ್ಕಿಲ್ಲ."

ಸಂಜೆಯಾದರೆ ನನಗೆ ಫೋನ್ ಮಾಡುತ್ತಾರೆ. "ಊಟ ಆಯ್ತಾ ಅಕ್ಕಾರೇ? ಇವತ್ತು ಉದ್ದನೇದನ್ನ ಮಸ್ದೆ" ಅನ್ನುತ್ತಾರೆ. "ಹೌದಾ" ಅನ್ನುತ್ತೇನೆ. ಆಮೇಲೆ ಇಬ್ಬರಿಗೂ ಮಾತಿಲ್ಲ. ಆದರೂ ಫೋನ್ ಇಡುವುದಿಲ್ಲ. ನನ್ನ ಮನೆಯಲ್ಲಿ ಟಿವಿ ಓಡುತ್ತಿರುತ್ತದೆ, ಯಾರಾದರೂ ಮಾತಾಡುತ್ತಿರಲಿ ಎಂದು ಹಾಕಿರುತ್ತೇನೆ. ಅವರ ಕಡೆಯಿಂದ ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು. ಅದನ್ನೇ ಕೇಳುತ್ತಾ ಕೂತಿರುತ್ತೇನೆ.

ಇನ್ನು ನನ್ನ ಬಂಗಾರದ ವಿಷಯಕ್ಕೆ ಬರಲೇ? ಮೊಮ್ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ! ಕಸ ಗುಡಿಸುವವರಿಗೂ ಪೇಡ, ವಾಚ್‌ಮನ್ನನಿಗೂ ಪೇಡ, ಪಕ್ಕದ ವಾರ್ಡಿನಲ್ಲಿ ಹಲ್ಲಿಲ್ಲದೆ ಮಲಗಿದ್ದ ಅಜ್ಜನಿಗೂ ಪೇಡ! ಬೀಗರು ಓಡಿ ಬಂದರು. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅವರ ಕಡೆ ಚಾಚಿದೆ. ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು, "ಕೆಳಗಿಡಿ" ಅನ್ನಬೇಕೇ!

ನರ್ಸುಗಳೆಲ್ಲ ಗೊಳ್ಳೆಂದು ನಕ್ಕರು. ಬೀಗರು ನಗಲಿಲ್ಲ. ತಮ್ಮ ಅಂಗೈ ನೋಡಿಕೊಂಡರು. ಜಡ್ಡು, ಗೀರು, ಮುರಿದು ಉಳಿದ ಮುಳ್ಳಿನ ಕಪ್ಪು ಚುಕ್ಕೆ. "ಬ್ಯಾಡಿ, ಗೀಚ್ತದೆ" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು. ಅವತ್ತಿನಿಂದ ಮಗುವನ್ನು ದೂರದಿಂದಲೇ ನೋಡುವುದು, ನಾಲಿಗೆಯಲ್ಲಿ ಟಕ್ ಟಕ್ ಸದ್ದು ಮಾಡಿ ನಗಿಸುವುದು. ಎತ್ತಿಕೊಂಡದ್ದು ಮಾತ್ರ ಇಲ್ಲ.

ಅವರ ಮನೆತನದಲ್ಲಿ ಒಂದು ಪದ್ಧತಿಯಿದೆ. ಮಗು ಹೆಜ್ಜೆ ಇಟ್ಟ ಮೇಲೆ ತಾತನೋ ಮುತ್ತಾತನೋ ಅದನ್ನು ಎತ್ತಿಕೊಂಡು ಹೋಗಿ ಹಿರಿಯರ ಗದ್ದುಗೆಯ ಮುಂದೆ ನಿಲ್ಲಿಸಿ ವಿಭೂತಿ ಇಡಬೇಕು. ಕಾಲಿಗೆ ಗೆಜ್ಜೆ ಹಾಕುವುದು ಆಮೇಲೆಯೇ. ನಾನು ಆಗಲೇ ಬೆಳ್ಳಿ ಗೆಜ್ಜೆ ಮಾಡಿಸಿ ಬೀರುವಿನಲ್ಲಿಟ್ಟು, ದಿನಾ ತೆಗೆದು ಅಲ್ಲಾಡಿಸಿ ಕೇಳಿಸಿಕೊಳ್ಳುತ್ತಿದ್ದೆ! ನಮ್ಮ ಪುಟ್ಟಿ ಗುಬ್ಬಿಯ ಮನೆಯ ತುಂಬ ತಟ್ಟಾಡಿಕೊಂಡು ಓಡಾಡುತ್ತಿದ್ದಾಳೆ, ಕಾಲು ಮಾತ್ರ ಬೋಳು.

"ಮಾವಾ, ಯಾವಾಗ್ ಕರ್ಕೊಂಡ್ ಬರ್ಲಿ?" ಎಂದು ಮಗಳು ಕೇಳಿದಾಗಲೆಲ್ಲ, "ದಾರಿ ಇಲ್ವಲ್ಲವ್ವ, ಮುಳ್ಳು. ಮಚ್ಚು ಸಿಗ್ಲಿ ತಡಿ." ಒಂದು ದಿನ ಮಗಳು ನನಗೆ ಫೋನ್ ಮಾಡಿ ಅತ್ತಳು. "ನಾನು ಹೆಣ್ಣು ಹೆತ್ತೆ ಅಂತ ಮಾವಂಗೆ ಬೇಜಾರಾ ಅಮ್ಮಾ?"

ನನ್ನ ಮೈ ಉರಿಯಿತು. ಮಾರನೆಯ ಬೆಳಿಗ್ಗೆ ಯಜಮಾನರ ಹಳೇ ಮಚ್ಚನ್ನು ಸೀರೆಯ ತುಂಡಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಮಗಳು, ಅಳಿಯ, ಪುಟ್ಟಿಯನ್ನು ಕರೆದುಕೊಂಡು ಕೊತ್ತಗೆರೆಗೆ ಹೋಗಿ ಇಳಿದೆ. ಬೀಗರು ಜಗಲಿಯ ಮೇಲೆ ಮಸೆಯುತ್ತಾ ಕೂತಿದ್ದರು. ಮಚ್ಚನ್ನು ಅವರ ಮುಂದೆ ನೆಲದ ಮೇಲಿಟ್ಟೆ.

"ಬೀಗ್ರೇ, ಇದು ನೀವೇ ಒಪ್ಪಿದ್ ಮಚ್ಚು. ಇದೂ ಆಗಲ್ಲ ಅನ್ನಿ, ನೋಡ್ತೀನಿ!"

ಬೀಗರು ಅದನ್ನು ಎತ್ತಿಕೊಂಡರು. ಉಗುರಿನಿಂದ ಮೀಟಲಿಲ್ಲ, ಕಿವಿಗೆ ಹಿಡಿಯಲಿಲ್ಲ. "ಮಚ್ಚಿಂದಲ್ಲ ಅಕ್ಕಾರೇ," ಅಂದರು. "ಆ ಗಿಡಕ್ಕೆ ಇಬ್ರು ಬೇಕು. ಒಬ್ರು ಕವೆಗೋಲಲ್ಲಿ ಒತ್ತಿ ಹಿಡೀಬೇಕು, ಕಡಿದ್ ಮೇಲೆ ಎಳೀಬೇಕು. ಅವ್ಳೇ ಎಳೀತಿದ್ದಿದ್ದು. ಅವ್ಳ ಮೂಲೇನ ಅವ್ಳಿಲ್ದೆ ಎಂಗ್ ಕಡೀಲಿ?"

ಗೋಡೆಗೆ ಒರಗಿಸಿದ್ದ ಕವೆಗೋಲನ್ನು ನಾನೇ ತೆಗೆದುಕೊಂಡೆ. ತುದಿ ಎರಡಾಗಿ ಕವಲೊಡೆದ ಉದ್ದನೆಯ ಕೋಲು. ಹಿಡಿಯುವ ಜಾಗ ಬೀಗಿತಿಯ ಕೈಯಿಂದ ಸವೆದು ನುಣುಪಾಗಿತ್ತು.

ಎಲ್ಲರೂ ಹೊಲದ ಆ ಮೂಲೆಗೆ ಹೋದೆವು. ನಾನು ಒತ್ತಿ ಹಿಡಿದೆ, ಅವರು ಬಗ್ಗಿ ಬುಡಕ್ಕೆ ಹೊಡೆದರು. "ಎಳ್ಕೋ" ಅಂದರು. ಎಳೆದೆ. ಈ ಸಲ ಬೆಚ್ಚಿಬೀಳಲಿಲ್ಲ. ಬಿಸಿಲೇರಿತು, ನನ್ನ ಸೀರೆ ಹರಿಯಿತು, ಬಳೆ ಒಡೆಯಿತು. ಅಳಿಯ ಬರುತ್ತೇನೆಂದರೆ, "ನೀನ್ ಅಲ್ಲೇ ಇರ್ಲಾ, ರೈಲಿಗೆ ಬಾವುಟ ತೋರ್ಸೋನ್ಗೆ ಇಲ್ಲೇನ್ ಕೆಲ್ಸ?" ಎಂದು ಗದರಿದರು. ಕೊನೆಯ ಜಾಲಿ ಬಿದ್ದಾಗ, ಒಳಗೆ ಪುಟ್ಟ ಗದ್ದುಗೆ ಕಾಣಿಸಿತು.

ಮಗಳ ಕಂಕುಳಿನಿಂದ ಪುಟ್ಟಿಯನ್ನು ಇಸಿದುಕೊಂಡು ಬೀಗರ ಕಡೆ ಚಾಚಿದೆ. ಅವರು ಮಚ್ಚನ್ನು ನೆಲಕ್ಕಿಟ್ಟು ಹಳೆಯ ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದರು. "ಕೆಳಗಿ..."

"ಇದು ಮಚ್ಚಲ್ಲ ಬೀಗ್ರೇ. ಇದನ್ನ ಕೈಯಿಂದ ಕೈಗೇ ಕೊಡೋದು."

ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಆಮೇಲೆ ಎರಡೂ ಕೈ ಚಾಚಿದರು. ಪುಟ್ಟಿ ಹಾರಿ ಹೋಗಿ ಅವರ ಮೀಸೆಗೇ ಕೈ ಹಾಕಿದಳು! ಗೀಚಿಸಿಕೊಂಡವರು ತಾತನೇ ಹೊರತು ಅವಳಲ್ಲ.

ಅವಳನ್ನು ಹೊತ್ತುಕೊಂಡೇ ಗದ್ದುಗೆಯ ಮುಂದೆ ಹೋದರು. ಪುಟ್ಟಿ ಗದ್ದುಗೆಗೂ ಟಾಟಾ ಮಾಡಿದಳು. ಬೀಗರು ಅವಳ ಹಣೆಗೆ ವಿಭೂತಿ ಇಟ್ಟು, ಗದ್ದುಗೆಯ ಕಡೆ ತಿರುಗಿ ಕುಕ್ಕರುಗಾಲಲ್ಲಿ ಕೂತು, ಮೊದಲ ಸಲ ಅಳುತ್ತಾ ಹೇಳಿದರು:

"ತಡ ಆಯ್ತು ಕಣೇ. ಮಚ್ಚು ಸಿಕ್ಕಿರ್ನಿಲ್ಲ."